ಊರಲ್ಲಿ ಸಮಾನತೆ ಪ್ರಶಸ್ತಿ ಕೊಡುವುದು ಹೇಗೆ: ಮೊದಲ ಓಡಾಟದಿಂದ ಆರು ತಿಂಗಳ ನಂತರದ ಭೇಟಿವರೆಗೆ

ಕುಷ್ಟಗಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆಯ ಗೆಳೆಯರಿಂದ ಪ್ರತಿ ವರ್ಷ ಮಾರ್ಚ್‌ನಲ್ಲಿ ಒಂದೇ ಥರದ ಫೋನ್ ಬರುತ್ತದೆ. 'ಅಸ್ಪೃಶ್ಯತೆ ಹೋಗಲಿ ಅಂತ ದುಡಿದವರಿಗೆ ಪ್ರಶಸ್ತಿ ಕೊಡಬೇಕು ಅಂತ ಮಾಡೀವಿ. ಏಪ್ರಿಲ್ 14ಕ್ಕೆ ಕಾರ್ಯಕ್ರಮ. ಅತಿಥಿ ಫಿಕ್ಸ್ ಆಗ್ಯಾರ. ಈಗ ಯಾರಿಗೆ ಕೊಡೋಣು ಹೇಳ್ರಿ.' ತಪ್ಪು ಅಷ್ಟೊತ್ತಿಗೆ ಆಗಿಹೋಗಿರುತ್ತದೆ. ಮೊದಲು ಅತಿಥಿ, ಆಮೇಲೆ ಪೆಂಡಾಲು, ಆಮೇಲೆ ಶಾಲು, ಕೊನೆಗೆ ಹೆಸರು. ಈ ಕ್ರಮದಲ್ಲಿ ಹೋದರೆ ಪ್ರಶಸ್ತಿ ಯಾರ ಕೈ ಸೇರುತ್ತದೆ ಗೊತ್ತಲ್ವಾ? ಚಂದಾ ಜಾಸ್ತಿ ಕೊಟ್ಟವರ ಕೈ.

ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ಕೆಳಗಿನ ಎಲ್ಲ ಹಂತಕ್ಕೂ ಒಂದೇ ಮಾತು ಆಧಾರ: ಭೇದ ಅನುಭವಿಸಿದ ಜನ 'ಹೌದು, ಇವರಿಂದ ನಮ್ಮ ಬದುಕು ಬದಲಾಯಿತು' ಅನ್ನಬೇಕು. ಆಗ ಮಾತ್ರ ಪ್ರಶಸ್ತಿ. ಬೇರೆಯವರು ಎಷ್ಟೇ ಹೊಗಳಿದರೂ ಲೆಕ್ಕಕ್ಕಿಲ್ಲ.

ಬೇಕಾದ ಸಾಮಾನು, ಬೇಕಾದ ಸಮಯ

ಕಾರ್ಯಕ್ರಮಕ್ಕೆ ನಾಲ್ಕು ತಿಂಗಳು ಮೊದಲೇ ಶುರು ಮಾಡಿ. ಏಪ್ರಿಲ್ 14 ಅಂತಿದ್ದರೆ ಡಿಸೆಂಬರ್ ಮಧ್ಯದಲ್ಲಿ ಕೆಲಸ ಹಿಡಿಯಬೇಕು. ಅಷ್ಟು ಸಮಯ ಇಲ್ಲ ಅಂದರೆ ಈ ವರ್ಷ ಬಿಟ್ಟುಬಿಡಿ. ಅವಸರದಲ್ಲಿ ತಪ್ಪು ಮನುಷ್ಯನಿಗೆ ಕೊಡುವುದಕ್ಕಿಂತ ಕೊಡದೇ ಇರುವುದು ಮೇಲು.

ಸಾಮಾನು ಬಹಳ ಬೇಡ. ಗಟ್ಟಿ ರಟ್ಟಿನ ಒಂದು ರಿಜಿಸ್ಟರ್. ಊರಿನ ಓಣಿಗಳನ್ನು ಕೈಯಲ್ಲೇ ಬರೆದ ಒಂದು ನಕ್ಷೆ. ಬೀಗ ಹಾಕುವ ಒಂದು ಪೆಟ್ಟಿಗೆ. ಓಡಾಡಲು ಎರಡು ಬೈಕು. ದುಡ್ಡು 20 ಸಾವಿರದೊಳಗೆ ಮುಗಿಸಬಹುದು, ಅದರಲ್ಲಿ ಅರ್ಧ ಪ್ರಶಸ್ತಿಗೇ ಹೋಗಲಿ. ದುಡ್ಡನ್ನು ನೂರು, ಇನ್ನೂರು ರೂಪಾಯಿಯಂತೆ ತುಂಬ ಜನರಿಂದ ಕೂಡಿಸಿ. ಒಬ್ಬರೇ ಹತ್ತು ಸಾವಿರ ಕೊಡುತ್ತೇನೆ ಅಂದರೆ ಕೈಮುಗಿದು ಬೇಡ ಅನ್ನಿ.

ಹಂತ 1: ಹೆಸರು ಹುಡುಕಬೇಡಿ, ಊರು ಸುತ್ತಿ

ಮೊದಲ ಎರಡು ವಾರ ಪ್ರಶಸ್ತಿಯ ಮಾತೇ ಎತ್ತಬೇಡಿ. ನಿಮ್ಮೂರಲ್ಲಿ ಭೇದ ಎಲ್ಲೆಲ್ಲಿ ಉಸಿರಾಡುತ್ತಿದೆ ಅಂತ ನೋಡಿ, ನಕ್ಷೆಯ ಮೇಲೆ ಗುರುತು ಹಾಕಿ. ಹೋಟೆಲ್, ಕಟಿಂಗ್ ಶಾಪ್, ಗುಡಿ, ನೀರಿನ ಟ್ಯಾಂಕು, ಶುದ್ಧ ನೀರಿನ ಘಟಕ, ಅಂಗನವಾಡಿ, ಶಾಲೆಯ ಬಿಸಿಯೂಟ, ಸ್ಮಶಾನದ ದಾರಿ, ಹಾಲಿನ ಡೈರಿ, ಬಾಡಿಗೆ ಮನೆ. ಒಂದೊಂದು ಜಾಗದ ಮುಂದೆ ಒಂದೊಂದು ಸಾಲು ಬರೆದರೆ ಸಾಕು.

ಕಟಿಂಗ್ ಶಾಪಿನ ಸಂಗತಿ ಅಂಗಡಿ ಮುಂದೆ ನಿಂತರೆ ಗೊತ್ತಾಗುವುದಿಲ್ಲ. ದಲಿತ ಕೇರಿಯ ಹುಡುಗರನ್ನು ಕೇಳಿ: 'ಕಟಿಂಗ್ ಎಲ್ಲಿ ಮಾಡಿಸ್ತೀರಪ್ಪಾ?' ಎಲ್ಲರೂ ಗಂಗಾವತಿ ಅಂತಲೋ ಸಿಂಧನೂರು ಅಂತಲೋ ಅಂದರೆ ಉತ್ತರ ಸಿಕ್ಕಿತು. ಊರಲ್ಲಿ ಎರಡು ಅಂಗಡಿ ಇದ್ದೂ ಕಟಿಂಗ್‌ಗೆ ಬಸ್ ಹತ್ತುವವರು ಯಾಕೆ ಹತ್ತುತ್ತಾರೆ?

'ನಮ್ಮೂರಾಗ ಅಂಥದ್ದೇನೂ ಇಲ್ರೀ' ಅಂತ ಊರ ಹಿರಿಯರು ಹೇಳುತ್ತಾರೆ. ಬಹಳ ಸಲ ಅವರು ಸುಳ್ಳು ಹೇಳುತ್ತಿರುವುದಿಲ್ಲ, ಅವರಿಗೆ ಕಂಡೇ ಇರುವುದಿಲ್ಲ. ಅದಕ್ಕೇ ಅವರನ್ನು ಕೊನೆಗೆ ಕೇಳಿ, ಕೇರಿಯನ್ನು ಮೊದಲು ಕೇಳಿ.

ಜಾತಿಯೊಂದನ್ನೇ ನೋಡಿ ಬರಬೇಡಿ. ತೋರಣಗಲ್ಲಿನ ಕಾರ್ಖಾನೆಗಳ ಸುತ್ತ ಬೇರೆ ರಾಜ್ಯಗಳಿಂದ ಬಂದ ಕೂಲಿಕಾರರಿದ್ದಾರೆ. ಸಿಂಧನೂರು ತಾಲೂಕಿನ ಪುನರ್ವಸತಿ ಕ್ಯಾಂಪ್‌ಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿವೆ. ಭಾಷೆ, ಮೈಬಣ್ಣ, ಮುಖ ನೋಡಿ 'ಎಲ್ಲಿಯವರು' ಅಂತ ಅಳೆಯುವುದೂ ಭೇದವೇ. ವರ್ಣಭೇದ ಅಂದರೆ ಪರದೇಶದ ಸಂಗತಿ ಅಂದುಕೊಳ್ಳುವವರಿದ್ದಾರೆ. ವಿಶ್ವಸಂಸ್ಥೆಯ 1965ರ ಒಪ್ಪಂದ ಬಣ್ಣದ ಜೊತೆಗೆ ಹುಟ್ಟಿದ ವಂಶದ ಮೇಲೆ ಮಾಡುವ ತಾರತಮ್ಯವನ್ನೂ ಜನಾಂಗಭೇದ ಅಂತಲೇ ಕರೆಯುತ್ತದೆ.

ಹಂತ 2: ಆಯ್ಕೆ ಸಮಿತಿ

ಏಳು ಜನ ಸಾಕು. ಅವರಲ್ಲಿ ನಾಲ್ವರಾದರೂ ಭೇದ ಅನುಭವಿಸಿದ ಸಮುದಾಯದವರೇ ಇರಬೇಕು. ಮೂವರಾದರೂ ಹೆಂಗಸರಿರಬೇಕು. ಒಬ್ಬರು ಬೇರೆ ಊರಿನವರಾದರೆ ಒಳ್ಳೆಯದು, ಅವರಿಗೆ ದಾಕ್ಷಿಣ್ಯ ಕಡಿಮೆ. ಚಂದಾ ಕೊಟ್ಟವರು, ಪಕ್ಷದ ಹುದ್ದೆಯಲ್ಲಿರುವವರು ಬೇಡ. ಪಂಚಾಯ್ತಿಯನ್ನು ಪೂರ್ತಿ ದೂರ ಇಡಬೇಕಿಲ್ಲ. ಗ್ರಾಮ ಪಂಚಾಯ್ತಿಯ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಗೆ ಒಂದು ಪತ್ರ ಕೊಟ್ಟು ತಿಳಿಸಿ. ಆಯ್ಕೆ ಮಾತ್ರ ಅವರ ಕೈಗೆ ಕೊಡಬೇಡಿ.

ಯಲ್ಲಮ್ಮನ ಸೇವೆಗೆ ನಿಂತ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಊರಿನ ಸಮಿತಿ ಮಾಡುವಾಗ ಒಬ್ಬ ಜೋಗತಿಯನ್ನೋ ಅಂಗವಿಕಲರನ್ನೋ ಕರೆಯುವುದು ಯಾರಿಗೂ ನೆನಪಾಗುವುದಿಲ್ಲ. ಕರೆಯಿರಿ. ಅವರು ನೋಡುವ ಜಾಗಗಳೇ ಬೇರೆ. ನಮ್ಮ ಸಮಿತಿಗೆ ಬಂದ ಒಬ್ಬ ಜೋಗತಿ ಮೊದಲ ಸಭೆಯಲ್ಲೇ ಕೇಳಿದ ಪ್ರಶ್ನೆ: 'ಆಸ್ಪತ್ರೆ ಚೀಟಿ ಮಾಡಿಸೋ ಸಾಲಿನಾಗ ನಾ ಎಲ್ಲಿ ನಿಲ್ಲಲಿ?' ನಮ್ಮ ಪಟ್ಟಿಯಲ್ಲಿ ಆಸ್ಪತ್ರೆಯೇ ಇರಲಿಲ್ಲ.

ಎಚ್ಚರಿಕೆಯ ಗುರುತು: ಸಭೆಯಲ್ಲಿ ಕೇರಿಯವರು ಬಾಗಿಲ ಹತ್ತಿರ ಕೂತು, ಮಾತೆಲ್ಲ ಇನ್ನಿಬ್ಬರೇ ಆಡುತ್ತಿದ್ದರೆ ಸಮಿತಿ ಹೆಸರಿಗಷ್ಟೇ ಇದೆ ಅಂತ ಅರ್ಥ. ಮುಂದಿನ ಸಭೆಯನ್ನು ಕೇರಿಯ ಸಮುದಾಯ ಭವನದಲ್ಲೋ ಯಾರದಾದರೂ ಮನೆ ಕಟ್ಟೆ ಮೇಲೋ ಇಟ್ಟುಕೊಳ್ಳಿ. ಮಾತು ತಾನಾಗೇ ಬದಲಾಗುತ್ತದೆ.

ಹಂತ 3: ಯಾವ ಕೆಲಸಕ್ಕೆ ಪ್ರಶಸ್ತಿ ಅಂತ ಮೊದಲೇ ಬರೆದಿಡಿ

ಹೆಸರು ಬರುವ ಮೊದಲೇ ನಿಯಮ ಬರೆದು ಏಳೂ ಜನ ಸಹಿ ಹಾಕಬೇಕು. ಹೆಸರು ಬಂದ ಮೇಲೆ ಬರೆದ ನಿಯಮ ಆ ಹೆಸರಿಗೆ ತಕ್ಕಂತೆ ಬಾಗುತ್ತದೆ.

ನಾವು 50 ಅಂಕ ಇಟ್ಟುಕೊಂಡಿದ್ದೇವೆ. ಭೇದ ಅನುಭವಿಸಿದವರ ಮಾತಿಗೆ 20. ಬದಲಾವಣೆ ಒಂದು ವರ್ಷವಾದರೂ ನಿಂತಿದೆಯೇ ಅನ್ನುವುದಕ್ಕೆ 15. ಆ ಮನುಷ್ಯ ಅದಕ್ಕಾಗಿ ಏನು ಕಳೆದುಕೊಂಡ, ಯಾರ ಮಾತು ಕೇಳಬೇಕಾಯಿತು ಅನ್ನುವುದಕ್ಕೆ 10. ನೋಡಿ ಇನ್ನೊಬ್ಬರು ಕಲಿತರೇ ಅನ್ನುವುದಕ್ಕೆ 5. ಮೊದಲ ಸಾಲಿನಲ್ಲಿ 12ಕ್ಕಿಂತ ಕಡಿಮೆ ಬಂದರೆ ಉಳಿದದ್ದನ್ನು ನೋಡುವುದೇ ಇಲ್ಲ.

ಇಲ್ಲಿ ನನ್ನ ಗಟ್ಟಿ ಅಭಿಪ್ರಾಯವೊಂದಿದೆ. ಎಲ್ಲರಿಗೂ ಚಹಾ ಕೊಡುವುದು, ಎಲ್ಲರ ಕೂದಲು ಕತ್ತರಿಸುವುದು ಉಪಕಾರ ಅಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ ಎರಡೂ ಇವೆ. ಕಾನೂನು ಪಾಲಿಸಿದ್ದಕ್ಕೇ ಶಾಲು ಹೊದಿಸುವುದಾದರೆ, ಆ ಹಕ್ಕಿಗಾಗಿ ಮೊದಲು ಬೆಂಚಿನ ಮೇಲೆ ಹೋಗಿ ಕೂತ ಹುಡುಗನಿಗೆ ಏನು ಹೊದಿಸಬೇಕು? ಹಾಗಾಗಿ ಪ್ರಶಸ್ತಿಯಲ್ಲಿ ಮೊದಲ ಜಾಗ ಹಕ್ಕು ಕೇಳಿದವರಿಗೆ. ಜೊತೆಗೆ ನಿಂತವರಿಗೆ ಎರಡನೇ ಜಾಗ, ಅದೂ ನಿಂತು ನಷ್ಟ ಅನುಭವಿಸಿದ್ದರೆ.

ಮೂರಕ್ಕಿಂತ ಜಾಸ್ತಿ ಪ್ರಶಸ್ತಿ ಇಡಬೇಡಿ. ಇಪ್ಪತ್ತು ಜನರಿಗೆ ಹಾರ ಹಾಕಿದರೆ ಯಾರ ಕೆಲಸವೂ ಜನರ ತಲೆಯಲ್ಲಿ ಉಳಿಯುವುದಿಲ್ಲ.

ಹಂತ 4: ಹೆಸರು ತರಿಸಿಕೊಳ್ಳುವುದು

ಪೇಪರಿನಲ್ಲಿ ಪ್ರಕಟಣೆ ಕೊಟ್ಟು ಅರ್ಜಿ ಕರೆದರೆ ಬರುವುದು ಬಯೋಡಾಟಾ. ನಿಮಗೆ ಬೇಕಾದವರು ಅರ್ಜಿ ಹಾಕುವವರಲ್ಲ. ತಮ್ಮ ಹೆಸರನ್ನು ತಾವೇ ಕಳಿಸುವಂತಿಲ್ಲ ಅಂತ ಮೊದಲೇ ಹೇಳಿಬಿಡಿ.

ಪೆಟ್ಟಿಗೆಯನ್ನು ಅಂಗನವಾಡಿಯಲ್ಲೋ ಸಂಘದ ಹೆಣ್ಣುಮಕ್ಕಳು ಸೇರುವ ಜಾಗದಲ್ಲೋ ಒಂದು ತಿಂಗಳು ಇಡಿ. ಬರೆಯಲು ಬಾರದವರಿಗೆ ಕಾಲೇಜು ಓದುವ ಹುಡುಗಿಯೊಬ್ಬಳು ವಾರಕ್ಕೆ ಎರಡು ಸಂಜೆ ಬರೆದುಕೊಡಲಿ. ಚೀಟಿಯಲ್ಲಿ ಮೂರೇ ಪ್ರಶ್ನೆ: ಯಾರು? ಮೊದಲು ಹೇಗಿತ್ತು? ಈಗ ಹೇಗಿದೆ? ಫೋನಿನಲ್ಲಿ ಧ್ವನಿ ಸಂದೇಶ ಕಳಿಸಿದರೂ ನಡೆಯುತ್ತದೆ. ನಮಗೆ ಸಿಕ್ಕ ಒಳ್ಳೆಯ ಹೆಸರುಗಳೆಲ್ಲ ಹಾಗೇ ಬಂದವು, ನಾಟಿ ಮುಗಿಸಿ ಮನೆಗೆ ಹೋಗುತ್ತಾ ಟಂಟಂನಲ್ಲಿ ಕೂತು ಹೇಳಿದ ಮಾತುಗಳು.

ಯಲಬುರ್ಗಾ, ಕುಷ್ಟಗಿ ಕಡೆ ಗುಳೆ ಹೋದ ಕುಟುಂಬಗಳನ್ನು ಮರೆಯಬೇಡಿ. ಜಾತ್ರೆಗೆ, ಯುಗಾದಿಗೆ ಊರಿಗೆ ಬಂದಾಗ ಅವರನ್ನು ಕೇಳಿ. ವರ್ಷವಿಡೀ ಹೊರಗಿದ್ದವರಿಗೆ ಊರಲ್ಲಿ ಏನು ಬದಲಾಗಿದೆ, ಏನು ಹಾಗೇ ಇದೆ ಅನ್ನುವುದು ಥಟ್ಟನೆ ಕಾಣುತ್ತದೆ.

ಹಂತ 5: ಜಾಗಕ್ಕೆ ಹೋಗಿ ಕಣ್ಣಾರೆ ನೋಡಿ

ಜಾಸ್ತಿ ಜನ ಸೋಲುವುದು ಈ ಹಂತದಲ್ಲಿ. ನಾವೂ ಸೋತೆವು, ಅದನ್ನೇ ಹೇಳುತ್ತೇನೆ.

ಮೊದಲ ವರ್ಷ ಒಂದು ಹೋಟೆಲಿಗೆ ಪ್ರಶಸ್ತಿ ಕೊಟ್ಟೆವು. ಅಲ್ಲಿ ಎರಡು ಲೋಟದ ಪದ್ಧತಿ, ಅಂದರೆ ದಲಿತರಿಗೆ ಬೇರೆ ಲೋಟ ಇಡುವುದು, ನಿಂತಿದೆ ಅಂತ ಹೆಸರು ಬಂದಿತ್ತು. ಬೆಳಗ್ಗೆ ಹತ್ತರ ಹೊತ್ತಿಗೆ ಮೂವರು ಹೋದೆವು. ಒಗ್ಗರಣಿ, ಮಿರ್ಚಿ ತಿಂದೆವು, ಸ್ಟೀಲಿನ ಲೋಟದಲ್ಲಿ ಚಹಾ ಕುಡಿದೆವು. ಬೇರೆ ಲೋಟ ಎಲ್ಲೂ ಕಾಣಲಿಲ್ಲ. ಖುಷಿಯಿಂದ ಬಂದು ಅಂಕ ಹಾಕಿದೆವು. ಕಾರ್ಯಕ್ರಮ ಮುಗಿದು ಹದಿನೈದು ದಿನಕ್ಕೆ ಕೇರಿಯ ಒಬ್ಬ ಅಜ್ಜಿ ದಾರಿಯಲ್ಲಿ ನಿಲ್ಲಿಸಿದರು. 'ಯಪ್ಪಾ, ನೀವು ಒಳಗ ಕುಂತು ಕುಡದ್ರಿ. ನಾವು ಎಲ್ಲಿ ನಿಂತು ಕುಡಿತೀವಿ, ನೋಡಿದ್ರೇನು?'

ಮರುದಿನ ಬೆಳಗ್ಗೆ ಆರಕ್ಕೆ ಹೋದೆವು. ಹೋಟೆಲಿನ ಹಿಂದೆ ಒಂದು ಬೇವಿನ ಗಿಡ. ಅದರ ಬೊಡ್ಡೆಗೆ ಬಡಿದ ಹಳೇ ಮೊಳೆ. ಮೊದಲು ಅದಕ್ಕೆ ಬೇರೆ ಲೋಟಗಳನ್ನು ನೇತುಹಾಕುತ್ತಿದ್ದರಂತೆ. ಈಗ ಅದೇ ಮೊಳೆಗೆ ಪೇಪರ್ ಕಪ್ಪಿನ ಪ್ಲಾಸ್ಟಿಕ್ ಚೀಲ ನೇತಾಡುತ್ತಿತ್ತು. ಕೂಲಿಗೆ ಹೋಗುವವರು ಕಪ್ಪು ತಾವೇ ತೆಗೆದುಕೊಂಡು ಕಿಟಕಿಗೆ ಚಾಚುತ್ತಿದ್ದರು. ಮೇಲಿಂದ ಚಹಾ ಸುರಿಯುತ್ತಿದ್ದರು. ಒಳಗಿನವರಿಗೆ ಸ್ಟೀಲು, ಹೊರಗಿನವರಿಗೆ ಪೇಪರು. ಲೋಟ ತೊಳೆಯುವ ಕೆಲಸ ತಪ್ಪಿತ್ತು, ಭೇದ ತಪ್ಪಿರಲಿಲ್ಲ. ಆ ಅಜ್ಜಿಯನ್ನು ನಾವು ಮೊದಲೇ ಕೇಳಬೇಕಿತ್ತು. ಆ ನಾಚಿಕೆ ಇನ್ನೂ ಹೋಗಿಲ್ಲ.

ಅಂದಿನಿಂದ ಹೀಗೆ ಮಾಡುತ್ತೇವೆ.

ಒಂದೇ ಜಾಗಕ್ಕೆ ಮೂರು ಸಲ, ಮೂರು ಬೇರೆ ಹೊತ್ತಿನಲ್ಲಿ ಹೋಗುತ್ತೇವೆ. ಕೂಲಿಯವರು ಹೊರಡುವ ನಸುಕಿಗೆ ಒಮ್ಮೆ, ಸಂತೆಯ ದಿನ ಒಮ್ಮೆ, ಹಬ್ಬವೋ ಅಮಾವಾಸ್ಯೆಯೋ ಇದ್ದ ದಿನ ಒಮ್ಮೆ. ಹೇಳಿ ಹೋಗುವುದಿಲ್ಲ. ಹೋಟೆಲಿನಲ್ಲಿ ನೋಡುವುದು ನಾಲ್ಕು: ಯಾವ ಲೋಟ, ಎಲ್ಲಿ ಕೂತರು, ಯಾರು ತೊಳೆದರು, ದುಡ್ಡು ಕೈಯಿಂದ ಕೈಗೆ ಹೋಯಿತೋ ಕಟ್ಟೆ ಮೇಲೆ ಇಡಿಸಿದರೋ.

ಗುಡಿಯಾದರೆ ಪೊಲೀಸರು, ಅಧಿಕಾರಿಗಳು ನಿಂತು ಒಳಗೆ ಕರೆದುಕೊಂಡು ಹೋದ ದಿನದ ಫೋಟೋ ನಂಬಬೇಡಿ. ಅದರ ಮುಂದಿನ ಅಮಾವಾಸ್ಯೆಗೆ ಯಾರು ಒಳಗೆ ಹೋದರು? ಆರತಿ ತಟ್ಟೆ ಅವರ ಮುಂದೆ ಬಂತೇ? ನಮ್ಮ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ದಲಿತ ಕೂಸು ಗುಡಿಯೊಳಗೆ ಓಡಿಹೋಗಿದ್ದಕ್ಕೆ ಶುದ್ಧಿ ಮಾಡಿಸಬೇಕು ಅಂತ ಮನೆಯವರಿಂದ ದಂಡ ಕೇಳಿದ್ದರು. ಮಳೆ ಬಂದಾಗ ಕೂಸು ಎಲ್ಲಿಗೆ ಓಡಿದರೂ ತಾಯಿಯ ಎದೆ ಹೊಡೆದುಕೊಳ್ಳುವುದಿಲ್ಲ ಅನ್ನುವಷ್ಟು ಬದಲಾಗಿದ್ದರೆ ಮಾತ್ರ ಬದಲಾಗಿದೆ.

ಶಾಲೆಯಲ್ಲಿ ಮಕ್ಕಳನ್ನು 'ನೀನು ಯಾವ ಜಾತಿ' ಅಂತ ಯಾವತ್ತೂ ಕೇಳಬೇಡಿ. ಸುಮ್ನೆ ಬಿಸಿಯೂಟದ ಹೊತ್ತಿಗೆ ಹೋಗಿ ಕೂತು ಊಟ ಮಾಡಿ. ಅಡುಗೆ ಮಾಡಿದವರು ಯಾರು, ಬಡಿಸಿದವರು ಯಾರು, ಯಾವ ಮಕ್ಕಳು ಮನೆಯಿಂದ ಡಬ್ಬಿ ತಂದಿದ್ದಾರೆ ಅನ್ನುವುದು ಕಣ್ಣಿಗೇ ಬೀಳುತ್ತದೆ.

ಹೆಣ್ಣುಮಕ್ಕಳ ಮಾತನ್ನು ಸಮಿತಿಯ ಹೆಣ್ಣುಮಕ್ಕಳೇ ಕೇಳಲಿ. ಗಂಡಸರ ಎದುರು 'ಎಲ್ಲಾ ಚೊಲೋ ಐತಿ' ಅಂದವರೇ ನೀರಿನ ಟ್ಯಾಂಕಿನ ಹತ್ತಿರ ಬೇರೆ ಹೇಳುತ್ತಾರೆ. ಕೊಡ ಯಾರದು ಮೊದಲು, ಯಾರು ದೂರ ನಿಲ್ಲಬೇಕು, ಯಾರ ಕೊಡ ತಾಗಿದರೆ ಬೈಗುಳ ಅನ್ನುವುದು ಅಲ್ಲೇ ಹೊರಬರುತ್ತದೆ.

ಇಲ್ಲಿ ನಿಲ್ಲಿಸಬೇಕು: ಹೋದಾಗ ಅಪರಾಧ ನಡೆಯುತ್ತಿರುವುದು ಕಂಡರೆ, ಯಾರಾದರೂ ಹೊಡೆತ, ಬಹಿಷ್ಕಾರದ ಮಾತು ಹೇಳಿದರೆ ಪ್ರಶಸ್ತಿಯ ಕೆಲಸವನ್ನು ಪಕ್ಕಕ್ಕಿಡಿ. ನೊಂದವರು ಒಪ್ಪಿದರೆ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯುವ 14566 ಸಹಾಯವಾಣಿಗೆ ಅವರ ಜೊತೆ ಕೂತು ಫೋನ್ ಮಾಡಿ. ತುರ್ತಾದರೆ 112. ಸಮಾಜ ಕಲ್ಯಾಣ ಇಲಾಖೆಗೆ, ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ ಲಿಖಿತ ದೂರು ಕೊಡಬಹುದು. ದೌರ್ಜನ್ಯ ತಡೆ ಕಾಯ್ದೆಯಡಿ ಇರುವ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು, ಅದರ ಮುಂದೆಯೂ ಇಡಬಹುದು. ನೀವು ಮಾತ್ರ ರಾಜಿ ಪಂಚಾಯ್ತಿಗೆ ಕೂರಬೇಡಿ. 'ಅವರಿಗೆ ಒಂದು ಪ್ರಶಸ್ತಿ ಕೊಟ್ಟು ಕೇಸ್ ವಾಪಸ್ ತೆಗೆಸೋಣ' ಅನ್ನುವ ಮಾತು ಒಮ್ಮೆ ನಮ್ಮ ಹತ್ತಿರವೂ ಬಂತು. ಅಂಥವರ ಮುಂದೆ ರಿಜಿಸ್ಟರ್ ಮುಚ್ಚಿ ಎದ್ದುಬನ್ನಿ.

ಹಂತ 6: ಆಯ್ಕೆಯಾದವರನ್ನು ಕೇಳಿ, ಆಮೇಲೆ ಹೆಸರು ಹೇಳಿ

ಹೆಸರು ಬ್ಯಾನರಿಗೆ ಹೋಗುವ ಮೊದಲು ಆ ಮನೆಗೆ ಹೋಗಬೇಕು. ನಮ್ಮ ಸೀಮೆಯಲ್ಲಿ ಇದು ಶಿಷ್ಟಾಚಾರದ ಮಾತಲ್ಲ, ಜೀವದ ಮಾತು. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆ ತೀರ್ಪಿಗೆ ಹತ್ತು ವರ್ಷ ಬೇಕಾಯಿತು. ಅಷ್ಟು ವರ್ಷ ಸಾಕ್ಷಿ ಹೇಳಿದವರು ಬದುಕಿದ್ದು ಅದೇ ಸುತ್ತಿನಲ್ಲಿ ಅನ್ನುವುದನ್ನು ನೆನಪಿಡಿ.

ಕಟಿಂಗ್ ಶಾಪಿನವರಿಗೆ ಪ್ರಶಸ್ತಿ ಕೊಟ್ಟರೆ ಮರುದಿನ ಉಳಿದ ಗಿರಾಕಿಗಳು ಬರದಿದ್ದರೆ ಅವರ ಹೊಟ್ಟೆಪಾಡು ಏನು? ಅಂತರ್ಜಾತಿ ಮದುವೆಯಾದ ಜೋಡಿಯ ಫೋಟೋ ಹಾಕಿದರೆ ಅವರ ವಿಳಾಸ ಯಾರಿಗೆ ಸಿಗುತ್ತದೆ? ಇದನ್ನೆಲ್ಲ ಅವರ ಜೊತೆ, ಮನೆಯವರ ಜೊತೆ ಕೂತು ಮಾತಾಡಿ. ಬೇಡ ಅಂದರೆ ಒತ್ತಾಯ ಬೇಡ. ಹೆಸರು ಹೇಳದೆ ಮನೆಗೇ ಹೋಗಿ ಗೌರವಿಸಿ ಬರಬಹುದು. ನಾವು ಒಂದು ವರ್ಷ ಹಾಗೇ ಮಾಡಿದೆವು. ಯೋಚಿಸಲು ಒಂದು ವಾರವಾದರೂ ಕೊಡಿ. ಎದುರಿಗೆ ಕೂತಾಗ ದಾಕ್ಷಿಣ್ಯಕ್ಕೆ 'ಆತ್ರೀ' ಅಂದುಬಿಡುತ್ತಾರೆ.

ಹಂತ 7: ಪ್ರಶಸ್ತಿ ಪತ್ರದ ಮಾತು

'ದಲಿತರಿಗೆ ಹೋಟೆಲ್ ಒಳಗೆ ಅವಕಾಶ ಮಾಡಿಕೊಟ್ಟ ಉದಾರಿ' ಅಂತ ಬರೆಯಬೇಡಿ. ಆ ಒಂದು ಸಾಲು ಇಡೀ ಕೆಲಸವನ್ನು ಕೆಡಿಸುತ್ತದೆ. ಹಕ್ಕಿನ ಜಾಗದಲ್ಲಿ ದಾನ ಬಂದು ಕೂರುತ್ತದೆ. ನಡೆದದ್ದನ್ನು ನಡೆದ ಹಾಗೆ ಬರೆಯಿರಿ: 'ಇವರ ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಕುರ್ಚಿ, ಒಂದೇ ಟವೆಲ್. ಇದಕ್ಕಾಗಿ ಮೂರು ತಿಂಗಳು ಅರ್ಧ ಗಿರಾಕಿ ಬಿಟ್ಟುಹೋದರೂ ಇವರು ಬದಲಾಗಲಿಲ್ಲ.' ಬರೆದದ್ದನ್ನು ಕೇರಿಯಲ್ಲಿ ಒಮ್ಮೆ ಓದಿ ಹೇಳಿ. ಅವರು ಮುಖ ಸಿಂಡರಿಸಿದ ಪದ ಹೊಡೆದುಹಾಕಿ.

ಹಂತ 8: ದಿನ, ವೇದಿಕೆ, ಊಟ

ದಿನಕ್ಕೆ ಏಪ್ರಿಲ್ 14 ಒಂದೇ ಅಲ್ಲ. ನವೆಂಬರ್ 26 ಸಂವಿಧಾನ ದಿನ ಇದೆ. ವಲಸೆ ಬಂದವರ ವಿಷಯ ಮುಖ್ಯವಾಗಿದ್ದರೆ ಮಾರ್ಚ್ 21 ಚೆನ್ನಾಗಿ ಹೊಂದುತ್ತದೆ. ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ 1960ರಲ್ಲಿ ಅದೇ ದಿನ, ಕರಿಯರು ಪಾಸ್ ಇಟ್ಟುಕೊಂಡೇ ಓಡಾಡಬೇಕು ಅನ್ನುವ ಪಾಸ್ ಕಾನೂನಿನ ವಿರುದ್ಧ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಜನ ಸತ್ತರು. ಅದರ ನೆನಪಿಗೆ ವಿಶ್ವಸಂಸ್ಥೆ ಜನಾಂಗಭೇದ ನಿರ್ಮೂಲನೆಯ ದಿನ ಆಚರಿಸುತ್ತದೆ. ಕಾಲುವೆ ಸೀಮೆಯಲ್ಲಿ ನಾಟಿ, ಕೊಯ್ಲು ನೋಡಿಕೊಂಡು ದಿನ ಇಡಿ. ಬೇಸಿಗೆಯಾದರೆ ಸಂಜೆ ಆರರ ನಂತರ. ಕೂಲಿ ಬಿಟ್ಟು ಬರಬೇಕಾದ ಹೊತ್ತು ಬೇಡ.

ವೇದಿಕೆ ಎತ್ತರಿಸಬೇಡಿ, ಎಲ್ಲರಿಗೂ ಒಂದೇ ಥರದ ಕುರ್ಚಿ. ಪ್ರಶಸ್ತಿಯನ್ನು ಆ ಕೆಲಸದಿಂದ ಬದುಕು ಬದಲಾದ ಒಬ್ಬರು ಕೊಡಲಿ. ಅತಿಥಿ ಬಂದರೆ ಕೆಳಗೆ ಕೂತು ಕೇಳಲಿ. ಬ್ಯಾನರಿನಲ್ಲಿ ಚಂದಾ ಕೊಟ್ಟವರ ಫೋಟೋ ಬೇಡ.

ಹಲಗೆ ಬಾರಿಸಲು, ಕಸ ಗುಡಿಸಲು, ಕುರ್ಚಿ ಹೊರಲು ಕೇರಿಯವರನ್ನೇ ಕರೆಯುವ ಅಭ್ಯಾಸ ನಮ್ಮ ಕಾರ್ಯಕ್ರಮಗಳಲ್ಲೂ ಇದೆ. ಹಲಗೆ ಬೇಕು ಅಂದರೆ ಕಲಾವಿದರಿಗೆ ಕೊಡುವಷ್ಟೇ ಸಂಭಾವನೆ ಕೊಟ್ಟು, ಹೆಸರು ಹೇಳಿ ವೇದಿಕೆಗೆ ಕರೆಯಿರಿ. ಆಗದಿದ್ದರೆ ಹಲಗೆ ಬೇಡ. ಕಸವನ್ನು ಸಮಿತಿಯವರು ಗುಡಿಸಲಿ.

ಊಟವೇ ನಿಜವಾದ ಪರೀಕ್ಷೆ. ಭಾಷಣ ಮುಗಿದ ಕೂಡಲೇ 'ಅರ್ಜೆಂಟ್ ಕೆಲಸ ಐತಿ' ಅಂತ ಯಾರು ಹೊರಡುತ್ತಾರೆ ಅಂತ ಗಮನಿಸಿ. ಅಡುಗೆ ಕೇರಿಯ ಸಂಘದ ಹೆಣ್ಣುಮಕ್ಕಳಿಗೆ ವಹಿಸಿ, ಕೂಲಿ ಸರಿಯಾಗಿ ಕೊಡಿ. ಸಮಿತಿಯವರೂ ಪ್ರಶಸ್ತಿ ಪಡೆದವರೂ ಮೊದಲ ಸಾಲಿನಲ್ಲೇ ಎಲ್ಲರ ನಡುವೆ ಕೂರಲಿ. ಉಣ್ಣುವವರ ಫೋಟೋ ತೆಗೆಯಬೇಡಿ. ಊಟ ಊಟವಾಗಿರಲಿ.

ಹಂತ 9: ಆರು ತಿಂಗಳ ನಂತರದ ಭೇಟಿ

ಪ್ರಶಸ್ತಿಯ ಅರ್ಧ ದುಡ್ಡನ್ನು ಅದೇ ದಿನ, ಇನ್ನರ್ಧ ಆರು ತಿಂಗಳ ನಂತರ ಕೊಡಿ. ಇದನ್ನು ಹಂತ 6ರಲ್ಲೇ ಅವರಿಗೆ ಹೇಳಿರಬೇಕು. ಈ ಆರು ತಿಂಗಳಲ್ಲಿ ಅವರಿಗೆ ತೊಂದರೆ ಬಂದಿದೆಯೇ ಅಂತ ತಿಂಗಳಿಗೊಮ್ಮೆಯಾದರೂ ಫೋನ್ ಮಾಡಿ ಕೇಳಿ. ಗಿರಾಕಿ ತಪ್ಪಿದ ಅಂಗಡಿಗೆ ನೀವೇ ಗಿರಾಕಿಯಾಗಿ ಹೋಗಿ.

ಬದಲಾವಣೆ ಹಿಂದೆ ಸರಿದಿದ್ದರೆ ಪ್ರಶಸ್ತಿ ವಾಪಸ್ ಪಡೆಯುವ ನಿಯಮ ಇರಲಿ. ನಾವು ಆ ಹೋಟೆಲಿನಿಂದ ವಾಪಸ್ ಪಡೆದೆವು. ಬೀದಿಯಲ್ಲಿ ಕೂಗಾಡಲಿಲ್ಲ. ಮುಂದಿನ ಸಭೆಯಲ್ಲಿ ಕಾರಣ ಓದಿ ಹೇಳಿ, ರಿಜಿಸ್ಟರಿನಲ್ಲಿ ಬರೆದು, ಅಜ್ಜಿಯ ಕೈಯಿಂದಲೇ ಹೆಬ್ಬೆಟ್ಟು ಒತ್ತಿಸಿದೆವು.

ಭೇಟಿಗೆ ಇಬ್ಬರು ಹೋಗಲಿ, ಒಬ್ಬರು ಹಿಂದಿನ ಸಲ ಹೋಗದವರಾಗಿರಲಿ. ಬಂದವರು ದೊಡ್ಡ ವರದಿ ಬರೆಯುವುದು ಬೇಕಿಲ್ಲ. ರಿಜಿಸ್ಟರಿನಲ್ಲಿ ಒಂದು ಸಾಲು: ತಾರೀಖು, ಹೊತ್ತು, ಯಾವ ಲೋಟ, ಎಲ್ಲಿ ಕೂತರು, ಯಾರು ತೊಳೆದರು.